ಎರಡೇ ದನ, ಆದರೂ ಗೋಬರ್ ಗ್ಯಾಸ್ ಉರಿಯುತ್ತಿದೆ

ನಮ್ಮ ಶಿರಸಿ ಕಡೆ ಗೋಬರ್ ಗ್ಯಾಸ್ ಗುಂಡಿ ಇಲ್ಲದ ಅಡಿಕೆ ತೋಟದ ಮನೆ ಸಿಗುವುದು ಕಷ್ಟ. ಆ ಗುಂಡಿಯಲ್ಲಿ ಈಗಲೂ ಗ್ಯಾಸ್ ಬರುವ ಮನೆ ಸಿಗುವುದು ಇನ್ನೂ ಕಷ್ಟ. ಮಾವನವರ ಕಾಲದಲ್ಲಿ ಕೊಟ್ಟಿಗೆ ತುಂಬಾ ದನ, ಎಮ್ಮೆ, ಕರು. ತೊಂಬತ್ತರ ದಶಕದಲ್ಲಿ ಸಬ್ಸಿಡಿ ಸಿಗುತ್ತದೆಂದು ದಿನಕ್ಕೆ ಎರಡು ಘನಮೀಟರ್ ಗ್ಯಾಸ್ ಕೊಡುವ ದೀನಬಂಧು ಮಾದರಿಯ ಗುಂಡಿ ಕಟ್ಟಿಸಿದ್ದರು, ಮೇಲೆ ಗ್ಯಾಸ್ ಸೇರುವ ಗುಮ್ಮಟ, ಅಂದರೆ ಡೋಮ್ ಇರುವಂಥದ್ದು. ಆಮೇಲೆ ಮೇಯಿಸುವವರಿಲ್ಲ, ಹುಲ್ಲು ತರುವವರಿಲ್ಲ, ಮಕ್ಕಳು ಬೆಂಗಳೂರು. ಕೊನೆಗೆ ಉಳಿದದ್ದು ಮಲೆನಾಡು ಗಿಡ್ಡ ಎಂಬ ಸಣ್ಣ ತಳಿಯ ಎರಡು ದನ. ಗುಂಡಿಯ ಮೇಲೆ ಕೆಸುವು ಬೆಳೆದಿತ್ತು.

ಅದನ್ನು ಮತ್ತೆ ಎಬ್ಬಿಸುತ್ತೇನೆ ಎಂದಾಗ ನಕ್ಕವರೇ ಎಲ್ಲ. ಮೈದುನ ಅಂತೂ ಕಡ್ಡಿ ಮುರಿದ ಹಾಗೆ ಹೇಳಿದ: "ಅದು ಆಪ್ದಲ್ಲ ಹೋಪ್ದಲ್ಲ ಅತ್ತಿಗೆ, ಎರಡು ದನಕ್ಕೆ ಗ್ಯಾಸ್ ಆಗ್ತಿಲ್ಲೆ." ಅವನ ಲೆಕ್ಕ ತಪ್ಪೇನಲ್ಲ. ಎರಡು ಘನಮೀಟರಿಗೆ ದಿನಕ್ಕೆ ಐವತ್ತು ಕಿಲೋ ಸಗಣಿ ಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ನಮ್ಮ ಗಿಡ್ಡಗಳು ಎರಡೂ ಸೇರಿ ಕೊಡುವುದು ಹದಿನೈದು ಕಿಲೋ, ಕಟ್ಟಿ ಹಾಕಿ ಮೇವು ಕೊಟ್ಟ ದಿನ ಇಪ್ಪತ್ತರ ಹತ್ತಿರ. ಒಂದು ಕಿಲೋ ಸಗಣಿಗೆ ನಲವತ್ತು ಲೀಟರ್ ಗ್ಯಾಸ್ ಎಂದು ಹಿಡಿದರೂ ಎಂಟುನೂರು ಲೀಟರ್ ದಾಟುವುದಿಲ್ಲ, ಒಂದು ಘನಮೀಟರೂ ಆಗಲಿಲ್ಲ. ಬೆಳಗಿನ ದೋಸೆ ಮತ್ತು ಚಾಕ್ಕೆ ಸರಿಯಾಗುತ್ತದೆ, ಅನ್ನ-ಸಾರಿಗೆ ಸಿಲಿಂಡರೇ ಗತಿ.

ಉಳಿದದ್ದನ್ನು ಬೇರೆ ಕಡೆಯಿಂದ ತುಂಬಿಸಬಹುದು ಎಂಬುದಕ್ಕೆ ನನಗೆ ಧೈರ್ಯ ಕೊಟ್ಟದ್ದು ಪುಣೆಯ ಆನಂದ ಕರ್ವೆಯವರ ಕೆಲಸ. ಅವರ ಆರ್ತಿ ಸಂಸ್ಥೆಯವರು ಸಗಣಿ ಬಿಟ್ಟು ಹಿಟ್ಟು, ಹಾಳಾದ ಧಾನ್ಯ, ಅಡುಗೆಮನೆಯ ಉಳಿಕೆ ಹಾಕಿ ಸಣ್ಣ ಟ್ಯಾಂಕಿನಲ್ಲಿ ಗ್ಯಾಸ್ ತೆಗೆದು ತೋರಿಸಿದ್ದರು. ಯೋಚಿಸಿದರೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಸಗಣಿ ಎಂದರೆ ದನ ಒಮ್ಮೆ ಸಾರ ಹೀರಿ ಬಿಟ್ಟದ್ದು. ಹಿಟ್ಟಿನಲ್ಲಿ ಸಾರ ಪೂರ್ತಿ ಇದೆ.

ಮೊದಲ ದುಡ್ಡು ಹಾಳಾದದ್ದು ಡೋಮ್ ರಿಪೇರಿಯಲ್ಲಿ. ಹೂಳು ತೆಗೆಯದೆ ಹೊರಗಿನಿಂದಲೇ ಬಿರುಕಿಗೆ ಸಿಮೆಂಟ್ ಮೆತ್ತಿದರೆ ಸಾಕು ಎಂದ ಒಬ್ಬ ಗೌಂಡಿ ನಾಲ್ಕು ಸಾವಿರ ತೆಗೆದುಕೊಂಡು ಹೋದ. ಸಗಣಿ ಹಾಕಿದೆವು, ಕಾದೆವು, ಒಂದು ತಿಂಗಳಾದರೂ ಒಲೆ ಬಳಿ ಬರೀ ಗಾಳಿ. ಗ್ಯಾಸ್ ಒಳಗಿಂದ ಒತ್ತುತ್ತದೆ, ಹೊರಗೆ ಮೆತ್ತಿದ ಸಿಮೆಂಟ್ ಏನು ಹಿಡಿದೀತು? ಮನೆಯವರು ಏನೂ ಹೇಳಲಿಲ್ಲ, ಆದರೆ ಆ ವಾರವೇ ಎರಡನೇ ಸಿಲಿಂಡರ್ ಬುಕ್ ಮಾಡಿದರು.

ಎರಡನೇ ಸಲ ಪೂರ್ತಿ ಖಾಲಿ ಮಾಡಿಸಿದೆ. ಅರ್ಧಕ್ಕಿಂತ ಹೆಚ್ಚು ಹೂಳು: ಮಣ್ಣು, ಮರಳು, ದರಕಿನ (ಒಣ ಎಲೆಯ) ಚೂರು, ಮೇಲೆ ಗಟ್ಟಿ ಕೆನೆ. ಮಣ್ಣಿನ ನೆಲದ ಕೊಟ್ಟಿಗೆಯಿಂದ ವರ್ಷಗಟ್ಟಲೆ ಬಾಚಿ ಹಾಕಿದರೆ ಇನ್ನೇನಾಗುತ್ತದೆ. ಇಲ್ಲಿ ಒಂದು ಮಾತು. ಹಳೆಯ ಗುಂಡಿಯೊಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಬಾಯಿ ತೆರೆದು ದಿನಗಟ್ಟಲೆ ಬಿಟ್ಟು, ಫ್ಯಾನ್ ಹಚ್ಚಿ ಗಾಳಿ ಹೊಡೆಸಿ, ಸೊಂಟಕ್ಕೆ ಹಗ್ಗ ಕಟ್ಟಿಯೇ ಆಳನ್ನು ಇಳಿಸಿದ್ದು, ಮೇಲೆ ಇಬ್ಬರು ನಿಂತಿದ್ದರು. ಸುತ್ತ ಬೀಡಿ ಬಂದ್. ಹೂಳೆಲ್ಲ ತೋಟಕ್ಕೆ ಹೋಯಿತು. ಆ ಸಾಲಿನ ಮೆಣಸಿನ ಬಳ್ಳಿ ಮುಂದಿನ ವರ್ಷ ಹೇಗೆ ಬಂತೆಂದರೆ ಪಕ್ಕದ ಮನೆಯವರು ಯಾವ ಗೊಬ್ಬರ ಎಂದು ಕೇಳಿದರು.

ಡೋಮಿನ ಒಳಗೆ ಹಳೇ ಪದರ ಕೆರೆದು, ಎರಡು ಸಲ ತೆಳ್ಳಗೆ ಗಾರೆ, ಮೇಲೆ ಪೇಂಟ್. ಒಣಗಲು ಬಿಟ್ಟು, ನೀರು ತುಂಬಿಸಿ, ವಾಲ್ವ್ ಮುಚ್ಚಿ, ಪೈಪಿನ ಸಂದುಸಂದಿಗೆ ಸೋಪಿನ ನೊರೆ ಹಚ್ಚಿ ನೋಡಿದೆವು. ಡೋಮ್ ಗಟ್ಟಿ ನಿಂತಿತು. ಸೋರಿದ್ದು ವಾಲ್ವಿನ ಹತ್ತಿರ. ಹಿತ್ತಾಳೆಯ ಹಳೇ ವಾಲ್ವ್ ಮುಟ್ಟಿದರೆ ಪುಡಿಯಾಗುವ ಹಾಗಿತ್ತು. ಈ ಗ್ಯಾಸಿನಲ್ಲಿ ಗಂಧಕದ ಅಂಶ ಇದೆಯಲ್ಲ, ಅದು ಹಿತ್ತಾಳೆ-ತಾಮ್ರವನ್ನು ತಿನ್ನುತ್ತದೆ. ಅಂಗಡಿಯಲ್ಲಿ ಹಿತ್ತಾಳೆಯದನ್ನೇ ಮತ್ತೆ ಕೊಡಲು ಬರುತ್ತಾರೆ, ತೆಗೆದುಕೊಳ್ಳಬೇಡಿ.

ಪೈಪಿನ ಕಥೆಯೂ ಇದೆ. ಗುಂಡಿಯಿಂದ ಅಡುಗೆಮನೆಗೆ ಸುಮಾರು ಅರವತ್ತು ಅಡಿ. ಮಧ್ಯದಲ್ಲಿ ಪೈಪ್ ಒಂದು ಕಡೆ ಜೋತು ಬಿದ್ದಿತ್ತು. ನಮ್ಮ ಮಳೆಗಾಲದ ಥಂಡಿಗೆ ಗ್ಯಾಸಿನ ತೇವ ಅಲ್ಲಿ ನೀರಾಗಿ ನಿಂತು, ಒಲೆಯ ಜ್ವಾಲೆ ಕುಣಿಯುತ್ತಿತ್ತು. ಗುಂಡಿಯ ಕಡೆಗೇ ಇಳಿಜಾರು ಕೊಟ್ಟು, ಅತಿ ತಗ್ಗಿನ ಜಾಗದಲ್ಲಿ ನೀರು ಬಿಡುವ ತಿರುಪು ಇಟ್ಟ ಮೇಲೆ ನಿಂತಿತು. ಸಿಲಿಂಡರಿನ ಒಲೆಯಲ್ಲೇ ಉರಿಸಲು ನೋಡಬೇಡಿ. ಅದರ ಜೆಟ್ ಸಣ್ಣದು, ಈ ಗ್ಯಾಸಿಗೆ ದೊಡ್ಡ ತೂತು ಬೇಕು. ಗೋಬರ್ ಗ್ಯಾಸಿನದೇ ಒಲೆ ತಂದೆ, ಎರಡು ಸಾವಿರ ಚಿಲ್ಲರೆ.

ಒಟ್ಟು ಖರ್ಚು, ಆ ಮೊದಲ ನಾಲ್ಕು ಸಾವಿರ ಸೇರಿ, ಹದಿನೇಳು ಸಾವಿರದ ಹತ್ತಿರ. ಹೊಸದಾಗಿ ಕಟ್ಟಿಸಲು ಕೇಳಿದಾಗ ಹೇಳಿದ ರೇಟಿನ ಮುಂದೆ ಇದು ಏನೂ ಅಲ್ಲ.

ಖಾಲಿ ಗುಂಡಿ ತುಂಬುವುದೇ ದೊಡ್ಡ ಕೆಲಸ. ನಮ್ಮ ಎರಡು ದನದ ಸಗಣಿಗೆ ಕಾದರೆ ಆಲೆಮನೆ ಹಬ್ಬ ಬಂದು ಹೋಗುತ್ತದೆ. ಹೈನು ಜಾಸ್ತಿ ಇರುವ ಮನೆಯಿಂದ ಒಂದು ಪಿಕಪ್ ಸಗಣಿ ಕೊಂಡೆ. ಜೊತೆಗೆ ಗ್ಯಾಸ್ ಉರಿಯುತ್ತಿದ್ದ ಒಂದು ಮನೆಯ ಹೊರ ತೊಟ್ಟಿಯಿಂದ ಆರೇಳು ಕೊಡ ಸ್ಲರಿ, ಅಂದರೆ ಗ್ಯಾಸ್ ಬಿಟ್ಟು ಹೊರಬಂದ ಸಗಣಿ ರಾಡಿ, ತಂದು ಹಾಲಿಗೆ ಹೆಪ್ಪು ಹಾಕಿದ ಹಾಗೆ ಹಾಕಿದೆ. ಹೆಪ್ಪು ಹಾಕದವರು ತಿಂಗಳುಗಟ್ಟಲೆ ಕಾಯುತ್ತಾರೆ, ನಮ್ಮಲ್ಲಿ ಎರಡು ವಾರದೊಳಗೆ ಗುಳ್ಳೆ ಬಂತು. ಮೊದಲ ಗ್ಯಾಸನ್ನು ಹೊರಗೇ ಬಿಟ್ಟೆ, ಅದರಲ್ಲಿ ಗಾಳಿ ಸೇರಿರುತ್ತದೆ, ಒಲೆಗೆ ಹಚ್ಚಬಾರದು. ಅದಾಗಿ ಕೆಲವು ದಿನಕ್ಕೆ ನೀಲಿ ಜ್ವಾಲೆ. ಅವತ್ತು ಮೈದುನನಿಗೆ ಫೋನ್ ಮಾಡಿ, ಚಾಕ್ಕೆ ಬಾ ಎಂದೆ, ಯಾಕೆ ಎಂದು ಹೇಳಲಿಲ್ಲ.

ಈಗ ಹಿಟ್ಟಿನ ವಿಷಯ. ಗಿರಣಿಯಲ್ಲಿ ದಿನಾ ಸಂಜೆ ಗುಡಿಸುವ ಹಿಟ್ಟು ಎಲ್ಲರೂ ನೋಡಿದ್ದೇ. ಗೋಧಿ, ಅಕ್ಕಿ, ರಾಗಿ, ಮೆಣಸಿನಪುಡಿ ಎಲ್ಲ ಕಲೆತಿರುವುದರಿಂದ ದನಕ್ಕೂ ಕೊಡಲಾಗದು. ವಾರಕ್ಕೊಂದು ಚೀಲ ತಂದಿಟ್ಟುಕೊಂಡೆ. ರಾತ್ರಿ ನೆನೆಸಿ ಬೆಳಿಗ್ಗೆ ಸಗಣಿಯ ಜೊತೆ ಕಲಸುವ ತೊಟ್ಟಿಗೆ. ಸಗಣಿಗೆ ಸಮ ನೀರು ಎನ್ನುವುದು ಇಲ್ಲೂ ಹೌದು, ಹಿಟ್ಟಿಗೆ ಮಾತ್ರ ಇನ್ನಷ್ಟು. ಬೇಸಿಗೆಯಲ್ಲಿ ದಿನಕ್ಕೆ ಸುಮಾರು ಒಂದು ಕಿಲೋ. ಮಳೆಗಾಲದ ಅಳತೆ ಬೇರೆ. ನೆನೆಸುವಾಗ ಅದಕ್ಕೆ ಇನ್ನೊಂದು ವಸ್ತು ಸೇರಿಸುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ, ಬರುವಾಗ ಒಂದು ಬುಟ್ಟಿ ಸಗಣಿ ತನ್ನಿ.

ಎಲ್ಲ ಉಳಿಕೆಯೂ ಆಗಿ ಬರುವುದಿಲ್ಲ. ಹಲಸಿನ ಕಾಲದಲ್ಲಿ ಗೊತ್ತಲ್ಲ, ತೊಳೆ ಬಿಡಿಸಿ ಉಳಿದ ರೆಚ್ಚೆ ಅಂಗಳ ತುಂಬಾ. ಹಪ್ಪಳ ಮಾಡುವ ವಾರ ಸಿಕ್ಕಿದ್ದೇ ಸಿಕ್ಕಿದ್ದೆಂದು ಬುಟ್ಟಿಗಟ್ಟಲೆ ಹಾಕಿ ನೋಡಿದೆ. ಮೊದಲೆರಡು ದಿನ ಗ್ಯಾಸೋ ಗ್ಯಾಸ್. ಆಮೇಲೆ ಗ್ಯಾಸ್ ಇದೆ, ಆದರೆ ಕಡ್ಡಿ ಗೀರಿದರೆ ಹತ್ತುವುದಿಲ್ಲ, ಹತ್ತಿದರೆ ಫುಸ್ ಎಂದು ಆರುತ್ತದೆ. ಹೊರ ತೊಟ್ಟಿಯಲ್ಲಿ ಹುಳಿ ವಾಸನೆ. ಹುಳಿ ಏರಿದರೆ ಉರಿಯುವ ಗ್ಯಾಸ್ ಮಾಡುವ ಜೀವಾಣು ಮಲಗಿಬಿಡುತ್ತದೆ, ಬರುವುದೆಲ್ಲ ಇಂಗಾಲದ ಡೈಆಕ್ಸೈಡು. ಹಲಸು, ಹಿಟ್ಟು ಎರಡನ್ನೂ ನಿಲ್ಲಿಸಿ ಬರೀ ಸಗಣಿ, ಸ್ವಲ್ಪ ಸುಣ್ಣದ ತಿಳಿ. ಸರಿಯಾಗಲು ಎರಡು ವಾರ ಬೇಕಾಯಿತು, ಅಷ್ಟೂ ದಿನ ಸಿಲಿಂಡರು. ಈಗ ರೆಚ್ಚೆ ಹೆಚ್ಚಿ ಒಂದು ಸೇರಿನಷ್ಟು, ಅದೂ ದಿನ ಬಿಟ್ಟು ದಿನ. ಲಿಂಬೆ, ಕಂಚಿಕಾಯಿ ಸಿಪ್ಪೆ ಪೂರ್ತಿ ಬಂದ್. ಫಿನಾಯಿಲ್ ಹಾಕಿ ಕೊಟ್ಟಿಗೆ ತೊಳೆದ ನೀರೂ ಬಂದ್. ಒಂದು ದನಕ್ಕೆ ಕೆಚ್ಚಲು ಬಾವಾಗಿ ಇಂಜೆಕ್ಷನ್ ಆದ ವಾರ ಗ್ಯಾಸ್ ಇಳಿಯಿತು, ಅಂದಿನಿಂದ ಔಷಧಿ ಆದ ದನದ ಸಗಣಿ ನೇರ ಗೊಬ್ಬರಗುಂಡಿಗೆ.

ನಿಜವಾದ ಪರೀಕ್ಷೆ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ನಮ್ಮಲ್ಲಿ ಬಿಸಿಲು ಎಂದರೆ ಸುದ್ದಿ. ಸಗಣಿ ಕಲಸಲು ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಕೈ ಕೊರೆಯುತ್ತದೆ, ಗುಂಡಿ ತಣ್ಣಗಾದರೆ ಗ್ಯಾಸ್ ಅರ್ಧಕ್ಕರ್ಧ. ಎರಡು ಉಪಾಯ ಮಾಡಿದೆ. ಡೋಮಿನ ಮೇಲೆ ಮಣ್ಣು ಸರಿಸದೆ, ಅದರ ಮೇಲೆಯೇ ಹಸಿ ಸೊಪ್ಪು, ದರಕು, ಕೊಟ್ಟಿಗೆಯ ಗಂಜಳದಲ್ಲಿ ನೆನೆದ ಹುಲ್ಲು ಹಾಕಿ ಗೊಬ್ಬರ ಮಾಡುವ ರಾಶಿ ಹಾಕಿದೆ, ಮೇಲೆ ಹಳೇ ತಾಡಪತ್ರಿ. ರಾಶಿಯೊಳಗೆ ಕೈ ಹಾಕಿದರೆ ಸುಡುತ್ತದೆ. ಇನ್ನೊಂದು, ಬಚ್ಚಲ ಹಂಡೆಯಲ್ಲಿ ಎಲ್ಲರ ಸ್ನಾನ ಆದ ಮೇಲೆ ತಳದಲ್ಲಿ ಉಳಿದ ಬಿಸಿನೀರಿನಲ್ಲಿ ಸಗಣಿ ಕಲಸುವುದು. ಹಂಡೆಯ ನೀರು, ಸೋಪು ಬಿದ್ದದ್ದಲ್ಲ. ಇವೆರಡರಿಂದ ಆಷಾಢದಲ್ಲೂ ಮಧ್ಯಾಹ್ನದ ಅಡುಗೆ ಆಗುತ್ತಿದೆ. ರಾತ್ರಿಯದಕ್ಕೆ ಕೆಲವು ದಿನ ಸಿಲಿಂಡರ್ ಹಚ್ಚಲೇಬೇಕು, ಸುಳ್ಳು ಯಾಕೆ.

ಗ್ಯಾಸ್ ಎಷ್ಟಿದೆ ಎಂದು ತಿಳಿಯಲು ಒಂದು ಆಟ ಕಟ್ಟಿಕೊಂಡಿದ್ದೇನೆ. ಪಾರದರ್ಶಕ ಸಣ್ಣ ಪೈಪನ್ನು ಒಂದು ಹಲಗೆಗೆ ಕೆಳಗೆ ಬಗ್ಗುವ ಹಾಗೆ ಮೊಳೆ ಹೊಡೆದು, ಕುಂಕುಮ ಕಲಸಿದ ನೀರು ತುಂಬಿ, ಒಂದು ತುದಿಯನ್ನು ಗ್ಯಾಸ್ ಪೈಪಿಗೆ ಸೇರಿಸಿದ್ದು. ಪಕ್ಕದಲ್ಲಿ ಮೊಮ್ಮಗನ ಸ್ಕೂಲ್ ಸ್ಕೇಲು. ಬೆಳಿಗ್ಗೆ ಎರಡೂ ಕಡೆ ನೀರಿನ ಅಂತರ ಎರಡಡಿ ದಾಟಿದ್ದರೆ ಅವತ್ತು ಪಾಯಸ. ಒಂದಡಿ ಇದ್ದರೆ ತಂಬುಳಿ, ಅನ್ನ.

ದುಡ್ಡಿನ ಲೆಕ್ಕ. ಮೊದಲು ಒಂದು ಸಿಲಿಂಡರ್ ತಿಂಗಳು ಮೇಲೆ ನಾಲ್ಕೈದು ದಿನ ಬರುತ್ತಿತ್ತು. ಈಗ ನಾಲ್ಕು ತಿಂಗಳು, ಬೇಸಿಗೆಯಲ್ಲಿ ಐದು. ಒಂಬೈನೂರರ ಹತ್ತಿರ ಬೆಲೆ ಹಿಡಿದರೆ ವರ್ಷಕ್ಕೆ ಆರೇಳು ಸಾವಿರ ಉಳಿತಾಯ. ಸ್ಲರಿಯಿಂದ ತೋಟಕ್ಕೆ ಕೊಳ್ಳುವ ಗೊಬ್ಬರವೂ ಕಡಿಮೆಯಾಯಿತು, ಅದನ್ನು ಸೇರಿಸಿದರೆ ಹಾಕಿದ ದುಡ್ಡು ಎರಡು ವರ್ಷದಲ್ಲಿ ಬಂದಿದೆ.

ಇದೇ ಹುಮ್ಮಸ್ಸಿನಲ್ಲಿ ಬಚ್ಚಲಿಗೂ ಗೋಬರ್ ಗ್ಯಾಸ್ ತರೋಣ ಎಂದು ಹೊರಟದ್ದು ನಡೆಯಲಿಲ್ಲ. ಆರು ಜನಕ್ಕೆ ನೀರು ಕಾಯಿಸುವುದೆಂದರೆ ಅಡುಗೆಗಿಂತ ದೊಡ್ಡ ಬಾಯಿ. ಕರೆಂಟಿನಲ್ಲಿ ಮಾಡಿದರೆ ದಿನಕ್ಕೆ ಮೂರೂವರೆ ಯೂನಿಟ್ ಬೇಕು. ಅದಕ್ಕೆ ಗ್ಯಾಸ್ ಸಾಲದು. ಕಟ್ಟಿಗೆಯನ್ನೇ ಕಡಿಮೆ ಮಾಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗಾಗಿ ತಂತ್ರಜ್ಞಾನ ರೂಪಿಸುವ ಅಸ್ತ್ರ ಎಂಬ ವಿಭಾಗದವರು ಮಾಡಿದ ಒಲೆಯ ಕ್ರಮದಲ್ಲಿ, ಕೆಳಗೆ ಜಾಲರಿ, ಬಾಯಿ ಸಣ್ಣ, ಹೊಗೆಗೆ ಚಿಮಣಿ ಇಟ್ಟು ಹಂಡೆಯ ಒಲೆ ಮರುಕಟ್ಟಿಸಿದೆ. ಕಟ್ಟಿಗೆಯ ದೊಡ್ಡ ಕುಂಟೆ ತುರುಕುವ ಕೆಲಸ ತಪ್ಪಿತು, ಚಾಲಿ ಅಡಿಕೆ ಸಿಪ್ಪೆ, ತೆಂಗಿನ ಮಡಲಿನಲ್ಲೇ ನೀರು ಕಾಯುತ್ತದೆ. ಸೊಪ್ಪಿನಬೆಟ್ಟದಿಂದ (ತೋಟಕ್ಕೆ ಸೊಪ್ಪು ತರುವ ಕಾಡು) ತರುವ ಕಟ್ಟಿಗೆ ಅರ್ಧವಾಯಿತು. ಅತ್ತೆಯವರಿಗೆ ಮಾತ್ರ ಸಮಾಧಾನ ಇಲ್ಲ, ಹೊಗೆ ಇಲ್ಲದ ಬಚ್ಚಲಲ್ಲಿ ಸ್ನಾನ ಮಾಡಿದ ಹಾಗೇ ಆಗುವುದಿಲ್ಲವಂತೆ.

ಕುಮಟಾದ ತಂಗಿ ಮನೆಯಲ್ಲಿ ದನವೇ ಇಲ್ಲ. ಅವಳು ಕುಚ್ಚಲಕ್ಕಿ ಬೇಯಿಸುವವಳು, ಅದು ಗಂಟೆಗಟ್ಟಲೆ ಗ್ಯಾಸ್ ತಿನ್ನುವ ಅಕ್ಕಿ. ಒಂದು ಮರದ ಪೆಟ್ಟಿಗೆಗೆ ಒಣಹುಲ್ಲು ತುಂಬಿ, ಕುದಿ ಬಂದ ಪಾತ್ರೆಯನ್ನು ಮುಚ್ಚಳ ಸಮೇತ ಅದರಲ್ಲಿ ಹೂತು, ಮೇಲೆ ಕಂಬಳಿ. ಬೆಳಿಗ್ಗೆ ಇಟ್ಟರೆ ಮಧ್ಯಾಹ್ನಕ್ಕೆ ಅನ್ನ ಅರಳಿರುತ್ತದೆ. ಈಗ ಅಂಗಡಿಯಲ್ಲೂ ಅಂಥ ಥರ್ಮಲ್ ಕುಕ್ಕರ್ ಬಂದಿದೆ, ತಂಗಿಯ ಪೆಟ್ಟಿಗೆಗೆ ಖರ್ಚು ಸೊನ್ನೆ.

ಕರೆಂಟಿನ ಬಗ್ಗೆ ಹೇಳುವುದು ಕಡಿಮೆ. ಎಪ್ಪತ್ತೈದು ವ್ಯಾಟಿನ ಫ್ಯಾನ್ ತೆಗೆದು ಇಪ್ಪತ್ತೆಂಟರದ್ದು ಹಾಕಿದೆ, ಬಲ್ಬ್ ಎಲ್ಲರಂತೆ ಎಲ್‌ಇಡಿ. ಗೃಹಜ್ಯೋತಿ ಬಂದ ಮೇಲೆ ಯಾಕೆ ಉಳಿಸುತ್ತೀರಿ ಎಂದು ಕೇಳುತ್ತಾರೆ. ತಮಾಷೆ ಏನೆಂದರೆ, ಶುರುವಿನಲ್ಲಿ 2022-23ರ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ ಉಚಿತ ಯೂನಿಟ್ ನಿಗದಿ ಮಾಡಿದರು. ಮೊದಲೇ ಉಳಿಸುತ್ತಿದ್ದ ನಮಗೆ ಸಿಕ್ಕಿದ್ದು ಕಡಿಮೆ, ಫ್ಯಾನ್-ಟಿವಿ ಬಿಟ್ಟೇ ಮಲಗುತ್ತಿದ್ದವರಿಗೆ ಜಾಸ್ತಿ. ಕೈಗಾ, ಕದ್ರಾ, ನಾಗಝರಿ ವಿದ್ಯುತ್ ಕೇಂದ್ರ ಎಲ್ಲ ನಮ್ಮ ಜಿಲ್ಲೆಯಲ್ಲೇ ಇದ್ದರೂ ಒಂದು ಮರ ಬಿದ್ದರೆ ಮೂರು ದಿನ ಕತ್ತಲೆ. ಆಗ ಮಿಕ್ಸರ್ ಇಲ್ಲ, ಇಂಡಕ್ಷನ್ ಇಲ್ಲ, ಗೋಬರ್ ಗ್ಯಾಸ್ ಮಾತ್ರ ಇದೆ.

ನಕ್ಕವರ ಪೈಕಿ ಮೂರು ಮನೆಯವರು ಈಗ ಹೂಳು ತೆಗೆಸಿದ್ದಾರೆ. ಮೈದುನ ಮೊದಲಿಗ, ಪೈಪಿನ ಇಳಿಜಾರು ನೋಡಲು ನನ್ನನ್ನೇ ಕರೆದ. ಇದರಿಂದ ಒಂದು ತೊಂದರೆ ಆಗಿದೆ. ಮೊದಲು ಹಿಟ್ಟಿನ ಚೀಲ ತೆಗೆದುಕೊಂಡು ಹೋದರೆ ಸಾಕೆಂದು ದಾರಿ ಕಾಯುತ್ತಿದ್ದ ಗಿರಣಿಯವನು ಈಗ ಕಿಲೋಗೆ ಐದು ರೂಪಾಯಿ ಕೇಳುತ್ತಾನೆ. ಕೊಟ್ಟರೂ ನಷ್ಟವೇನಿಲ್ಲ, ಆದರೂ ನಾನು ಪೇಟೆಯಲ್ಲಿ ಬೇರೊಂದು ಕಡೆ ಪುಕ್ಕಟೆ ಸಿಗುವ ಜಾಗ ನೋಡಿಕೊಂಡಿದ್ದೇನೆ. ಎಲ್ಲಿ ಎಂದು ಮೈದುನನೂ ಕೇಳಿದ, ಹೇಳಲಿಲ್ಲ.