ಹೂಮಳೆ ಹೊತ್ತಿಗೆ ಮುನ್ಸೂಚನೆ ಓದುವುದು ಹೇಗೆ: ಕೊಡಗಿನ ಕಾಫಿ ತೋಟದವರಿಗೆ

ಕಾಫಿ ಮೊಗ್ಗು ಅರಳಲು ನೀರು ಬೇಕು; ಆ ನೀರು ಕೊಡುವ ಬೇಸಿಗೆ ಮಳೆಯೇ ಹೂಮಳೆ. ಫೆಬ್ರವರಿ ನಡುವಿನಿಂದ ಏಪ್ರಿಲ್‌ವರೆಗೆ ಕೊಡಗಿನ ತೋಟದವರ ಪ್ರಶ್ನೆ ಒಂದೇ. ಸ್ಪ್ರಿಂಕ್ಲರ್ ಹೊಡೆಯೋದೋ, ಮಳೆಗೆ ಕಾಯೋದೋ? ಮೊಬೈಲಿನಲ್ಲಿ ಕಾಣುವ ಮೋಡದ ಚಿತ್ರ ಇದಕ್ಕೆ ಉತ್ತರ ಹೇಳುವುದಿಲ್ಲ. ನೋಡಬೇಕಾದದ್ದು ಮೊದಲು ಮೊಗ್ಗು, ಆಮೇಲೆ ಕೆರೆಯ ನೀರು, ಅದಾದ ಮೇಲೆ ಮುನ್ಸೂಚನೆ. ಈ ಸಾಲು ತಪ್ಪಿದರೆ ನಷ್ಟ.

ಹವಾಮಾನ ಇಲಾಖೆ ಫೆಬ್ರವರಿ ಕೊನೆಗೆ ಮಾರ್ಚ್‌ನಿಂದ ಮೇವರೆಗಿನ ಮುನ್ನೋಟ ಕೊಡುತ್ತದೆ. ಅದು ದೊಡ್ಡ ಪ್ರದೇಶದ ಮಾತು; ಡೀಸೆಲ್ ಎಷ್ಟು ತರಿಸಿಡಬೇಕು, ಕೆರೆ ನೀರನ್ನು ಹೇಗೆ ಹಂಚಬೇಕು ಎಂಬುದಕ್ಕಷ್ಟೇ ಬಳಸಿ. ಗುರುವಾರದ ವಿಸ್ತೃತ ಮುನ್ಸೂಚನೆ ಯಾವ ವಾರ ಒದ್ದೆ, ಯಾವ ವಾರ ಒಣ ಎಂಬ ಅಂದಾಜು ಕೊಡುತ್ತದೆ. ಕೆಲಸಕ್ಕೆ ಬರುವುದು ಜಿಲ್ಲಾ ಮುನ್ಸೂಚನೆ, ಅದರಲ್ಲೂ ಮೊದಲ ಮೂರು ದಿನದ್ದು. ಅಂದಂದಿನ ಮಟ್ಟಿಗೆ ಮುಂದಿನ ಮೂರು ಗಂಟೆಗಳಿಗೆ ಕೊಡುವ ಎಚ್ಚರಿಕೆ ನೋಡಿ. ಇಲಾಖೆಯ ವಿಂಗಡಣೆಯಲ್ಲಿ ಕೊಡಗು ಸೇರುವುದು ದಕ್ಷಿಣ ಒಳನಾಡಿಗೆ. ಮಂಗಳೂರು ಕಡೆಯ ಕರಾವಳಿ ಮುನ್ಸೂಚನೆ ಓದಿ ಲೆಕ್ಕ ಹಾಕಬೇಡಿ.

ಪ್ರಕಟಣೆಯ ಪದಗಳಿಗೆ ಅಳತೆಯಿದೆ. ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗಕ್ಕೆ ಮೀರದಷ್ಟು. ‘ಕೆಲವು ಕಡೆ’ ಎಂದರೆ ಅರ್ಧದವರೆಗೆ. ‘ಹಲವು ಕಡೆ’ ಎಂದರೆ ಮುಕ್ಕಾಲಿನವರೆಗೆ. ‘ಹಗುರ ಮಳೆ’ 2.5ರಿಂದ 15.5 ಮಿ.ಮೀ. ನಮ್ಮ ಲೆಕ್ಕದಲ್ಲಿ 10ರಿಂದ 61 ಸೆಂಟ್ (ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿ.ಮೀ.). ಹೀಗಾಗಿ ‘ಒಂದೆರಡು ಕಡೆ ಹಗುರ ಮಳೆ’ ಎಂದಿದ್ದರೆ ಹೂವಿನ ಮಟ್ಟಿಗೆ ಮಳೆ ಇಲ್ಲ ಎಂದೇ ಓದಿಕೊಳ್ಳಿ. ಆ್ಯಪ್‌ನ ‘ಶೇ. 80’ ಮಳೆ ಬರುವ ಸಾಧ್ಯತೆಯನ್ನು ಹೇಳುತ್ತದೆಯೇ ಹೊರತು ಎಷ್ಟು ಬೀಳುತ್ತದೆ ಎಂದಲ್ಲ.

ಬೇಸಿಗೆ ಮಳೆ ಜೂನ್ ಮಳೆಯ ಹಾಗೆ ಊರಿಗೆಲ್ಲ ಹರಡಿ ಸುರಿಯುವುದಿಲ್ಲ. ಒಳನಾಡಿನ ಮೇಲೆ ಉತ್ತರ-ದಕ್ಷಿಣವಾಗಿ ಕಡಿಮೆ ಒತ್ತಡದ ಪಟ್ಟಿ ಎಳೆದುಕೊಂಡಾಗ ಎರಡೂ ಸಮುದ್ರದ ತೇವ ಒಳಬರುತ್ತದೆ. ಮಧ್ಯಾಹ್ನದ ಕಾವಿಗೆ ಅದು ಮೇಲೆದ್ದು ಗುಡುಗು ಮೋಡವಾಗುತ್ತದೆ. ಒಂದೊಂದು ಮೋಡದ ಹರವು ಕೆಲವೇ ಕಿಲೋಮೀಟರ್. ಸಿದ್ದಾಪುರದಲ್ಲಿ ಎರಡು ಇಂಚು ಹೊಡೆದ ದಿನ ಸುಂಟಿಕೊಪ್ಪದಲ್ಲಿ ಧೂಳೂ ಅಡಗದಿರುವುದು ಇದರಿಂದಲೇ. ಪಕ್ಕದ ತೋಟದ ಅಳತೆ ನಂಬಿ ಜೆಟ್ (ಸ್ಪ್ರಿಂಕ್ಲರ್‌ನ ನೀರು ಚಿಮ್ಮುವ ಮೂತಿ) ನಿಲ್ಲಿಸುವಂತಿಲ್ಲ.

ಆದ್ದರಿಂದ ಮಳೆಮಾಪಕ ನಿಮ್ಮದೇ ಇರಲಿ. ಅಂಗಡಿಯದು ಸಿಗದಿದ್ದರೆ ಬಾಯಿಯ ಅಡ್ಡಳತೆ ಒಳಗಡೆ ಸರಿಯಾಗಿ 16 ಸೆಂ.ಮೀ. ಇರುವ ಪಾತ್ರೆ ಸಾಕು. ಅದರಲ್ಲಿ ನಿಂತ ನೀರನ್ನು ಔಷಧಿ ಅಳೆಯುವ ಜಾಡಿಗೆ ಸುರಿದರೆ 20 ಮಿ.ಲೀ.ಗೆ 1 ಮಿ.ಮೀ. ಮಳೆ, ಇಂಚಿಗೆ ಸುಮಾರು 510 ಮಿ.ಲೀ. ಸಿಲ್ವರ್ ಓಕ್ ಮರದ ಕೆಳಗೆ ಇಟ್ಟರೆ ಲೆಕ್ಕ ಸುಳ್ಳು. ಕಣದ ಅಂಚಿನ ಹುಲ್ಲಿನ ಮೇಲೆ, ಬಾಯಿ ನೆಲದಿಂದ 30 ಸೆಂ.ಮೀ. ಎತ್ತರಕ್ಕೆ ಬರುವಂತೆ, ಮರ-ಗೋಡೆಗಳಿಂದ ಅವುಗಳ ಎತ್ತರದ ಎರಡು ಪಟ್ಟು ದೂರ ಇಡಿ. ಬೆಳಿಗ್ಗೆ 8.30ಕ್ಕೆ ಅಳೆಯಿರಿ. ಇಲಾಖೆಯ ದಿನ ಮುಗಿಯುವುದೂ ಆಗಲೇ, ಹಾಗಾಗಿ 12ರ ಸಂಜೆ ಬಿದ್ದ ಮಳೆ ಅವರ ಪಟ್ಟಿಯಲ್ಲಿ 13ರ ಹೆಸರಿಗೆ ಇರುತ್ತದೆ.

ಈಗ ತೀರ್ಮಾನ. ರೊಬಸ್ಟಾ ಕಾಫಿಗೆ ಹೂ ನೀರು (ಮೊಗ್ಗು ಅರಳಿಸುವ ನೀರು) ಒಂದರಿಂದ ಒಂದೂವರೆ ಇಂಚು ಬೇಕು. ಅಷ್ಟೂ ಮಳೆಯೇ ಕೊಟ್ಟರೆ ಪೈಪ್ ಮುಟ್ಟಬೇಡಿ. ಕಷ್ಟವಿರುವುದು 20ರಿಂದ 60 ಸೆಂಟ್ ಬಿದ್ದಾಗ. ಮೊಗ್ಗು ಎಚ್ಚರಗೊಂಡಿರುತ್ತದೆ, ಆದರೆ ಅರಳುವಷ್ಟು ನೀರು ಬೇರಿಗೆ ಇಳಿದಿರುವುದಿಲ್ಲ. ಹಾಗೇ ಬಿಟ್ಟರೆ ಮೊಗ್ಗು ನಸುಗೆಂಪಾಗಿ, ತುದಿಯಷ್ಟೇ ಬಿರಿದು, ಒಣಗಿ ಕಂದಾಗುತ್ತದೆ. ಆ ಗೆಣ್ಣಿನ ಫಸಲು ಹೋದಂತೆ. ಇಂಥ ಮಳೆಯ ಮರುದಿನವೇ, ತಪ್ಪಿದರೆ ಎರಡು-ಮೂರು ದಿನದೊಳಗೆ, ಕೊರತೆಯನ್ನು ಸ್ಪ್ರಿಂಕ್ಲರ್‌ನಿಂದ ತುಂಬಿ. ನಾಳೆ ‘ಹಲವು ಕಡೆ’ ಮಳೆ ಎಂದಿದ್ದರೆ ಒಂದು ದಿನ ಕಾಯಬಹುದು, ಅದಕ್ಕಿಂತ ಹೆಚ್ಚಲ್ಲ. ಎಲೆ ತೊಳೆದು ಹೋಗುವ ಐದಾರು ಸೆಂಟಿಗೆ ಗಡಿಬಿಡಿ ಬೇಡ, ಮೊಗ್ಗು ಊದುತ್ತಿದೆಯೇ ಎಂದು ಎರಡು ದಿನ ಗಮನಿಸಿ.

ಎಕರೆಗೆ ಒಂದು ಇಂಚು ಎಂದರೆ ಸುಮಾರು 1.03 ಲಕ್ಷ ಲೀಟರ್. ಕೆರೆಯಲ್ಲಿ 10 ಲಕ್ಷ ಲೀಟರ್ ಇದ್ದರೆ ಸೋರಿಕೆ, ಗಾಳಿ ಕಳೆದು ಎಂಟು ಎಕರೆಗಿಂತ ಹೆಚ್ಚು ನಂಬಬೇಡಿ. ಜೆಟ್ ಎಷ್ಟು ಹೊತ್ತು ಓಡಬೇಕೆಂಬುದೂ ಲೆಕ್ಕವೇ: 24 ಮೀಟರ್ ಅಂತರದ ಚೌಕಕ್ಕೆ 576 ಚದರ ಮೀಟರ್, ಅದಕ್ಕೆ 25 ಮಿ.ಮೀ. ಎಂದರೆ 14,400 ಲೀಟರ್. ಗಂಟೆಗೆ 3,600 ಲೀಟರ್ ಬಿಡುವ ಜೆಟ್ ನಾಲ್ಕು ಗಂಟೆ ಓಡಬೇಕು. ಸಾಲಿನ ನಡುವೆ ನಾಲ್ಕೈದು ನೇರ ಗೋಡೆಯ ಡಬ್ಬ ಇಟ್ಟು ಪರೀಕ್ಷಿಸಿ. ಕೊನೆಯ ಜೆಟ್‌ನಲ್ಲಿ ಒತ್ತಡ ಇಳಿದು ಅಲ್ಲಿನ ಡಬ್ಬ ಅರ್ಧಕ್ಕೇ ನಿಲ್ಲುವುದು ಸಾಮಾನ್ಯ. ಮೋಡ ಕಟ್ಟಿತೆಂದು ಅರ್ಧ ಇಂಚಿಗೆ ನಿಲ್ಲಿಸುವವರು ಪ್ರತಿ ವರ್ಷ ಇರುತ್ತಾರೆ. ಮಳೆ ತಪ್ಪಿದರೆ ಆ ಬ್ಲಾಕಿನ ಮೊಗ್ಗನ್ನು ತಾವೇ ಕೆಂಪು ಮಾಡಿದ ಹಾಗೆ. ಶುರು ಮಾಡಿದ ಬ್ಲಾಕ್ ಮುಗಿಸಿಯೇ ಪೈಪ್ ಎತ್ತಿ.

ನೀರು ಬಿದ್ದ ಏಳೆಂಟು ದಿನಕ್ಕೆ ರೊಬಸ್ಟಾ ಅರಳುತ್ತದೆ, ಅರೇಬಿಕಾ ಒಂಬತ್ತು-ಹತ್ತಕ್ಕೆ. ಅರೇಬಿಕಾ ಸ್ವಪರಾಗದ್ದು, ಅರಳಿದ ದಿನದ ಮಳೆಗೆ ಅಷ್ಟು ಭಯವಿಲ್ಲ. ರೊಬಸ್ಟಾಕ್ಕೆ ಪರಾಗ ಬೇರೆ ಗಿಡದಿಂದ ಗಾಳಿ, ಜೇನಿನ ಮೂಲಕ ಬರಬೇಕು. ಅರಳಿದ ದಿನ ಬೆಳಿಗ್ಗೆ ಮಳೆ ಹೊಡೆದರೆ ಅದು ತೊಳೆದು ಹೋಗುತ್ತದೆ, ತಡೆಯುವ ಉಪಾಯವಿಲ್ಲ. ಎಂಟು ದಿನ ಮುಂದಿನ ಗುಡುಗು ಮಳೆಯನ್ನು ಯಾರೂ ಖಚಿತವಾಗಿ ಹೇಳಲಾರರು, ಅದಕ್ಕಾಗಿ ಹೂ ನೀರನ್ನು ಮುಂದೂಡಬೇಡಿ. ನಿಮ್ಮ ಕೈಲಿರುವುದು ಇಷ್ಟು: ಪಕ್ಕದ ಬ್ಲಾಕಿನ ಜೆಟ್ ಅರಳಿದ ಹೂವಿನ ಮೇಲೆ ಬೀಳದಿರಲಿ, ಆ ದಿನಗಳಲ್ಲಿ ಕೀಟನಾಶಕ ಬೇಡ.

ಹೂವಾದ 15–20 ದಿನಕ್ಕೆ ಬ್ಯಾಕಿಂಗ್ ನೀರು (ಹೂವಾದ ಮೇಲೆ ಕೊಡುವ ಎರಡನೇ ನೀರು), ಮುಕ್ಕಾಲರಿಂದ ಒಂದು ಇಂಚು. ನಡುವೆ ಬಿದ್ದ ಮಳೆಯನ್ನು ಇದರಲ್ಲಿ ಕಳೆಯಿರಿ. ಗುಡುಗು ಕೇಳಿದ ಕೂಡಲೇ ಅಲ್ಯೂಮಿನಿಯಂ ಪೈಪ್ ಹೊರುವವರನ್ನೂ ಮೆಣಸು ಕೊಯ್ಯಲು ಏಣಿ ಹತ್ತಿದವರನ್ನೂ ಕೆಳಗಿಳಿಸಿ ಮನೆಯೊಳಗೆ ಕಳಿಸಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಳೆಯದೆ ಪೈಪ್ ಲೈನಿನ ಜಾಗ ಬದಲಿಸಬೇಡಿ.