ರೆಕ್ಕೆಗೆ ಯಾವ ಅಲ್ಯೂಮಿನಿಯಂ? ನಂಬರ್ ಒಂದೇ ನೋಡಿದ್ರೆ ಸಾಲ್ದು

ಅಲ್ಯೂಮಿನಿಯಂಗೆ ತುಕ್ಕು ಹಿಡಿಯಲ್ಲ ಅಂತ ತುಂಬ ಜನ ಅಂದ್ಕೊಂಡಿರ್ತಾರೆ. ಶುದ್ಧ ಅಲ್ಯೂಮಿನಿಯಂ ಮಟ್ಟಿಗೆ ಅದು ಹೆಚ್ಚುಕಮ್ಮಿ ನಿಜಾನೇ, ಮೇಲೆ ತಾನಾಗೇ ಒಂದು ತೆಳು ಆಕ್ಸೈಡ್ ಪದರ ಕೂತ್ಕೊಂಡು ಕಾಪಾಡುತ್ತೆ, ಆದ್ರೆ ವಿಮಾನದ ರೆಕ್ಕೆ ಹೊರೋ ಶಕ್ತಿ ಅದಕ್ಕಿಲ್ಲ, ಶಕ್ತಿಗೆ ಅಂತ ತಾಮ್ರ ಸೇರಿಸಿದ್ರೆ ತುಕ್ಕಿಗೂ ಬಾಗಿಲು ತೆಗೆದ ಹಾಗೆ.

ಅದಕ್ಕೆ ಮೊದಲು ಪಾರ್ಟ್ ಎಲ್ಲಿ ಕೂರುತ್ತೆ ನೋಡಿ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತೆ, ಕೆಳಗಿನ ಸ್ಕಿನ್‌ಗೆ (ಹೊರಗಿನ ಹೊದಿಕೆಗೆ) ಎಳೆತ, ಮೇಲಿನದಕ್ಕೆ ಒತ್ತಡ. ಕೆಳಗಡೆಗೆ 2024-ಟಿ3 (2024 ಮಿಶ್ರಲೋಹದ ನಂಬರ್, ಟಿ3 ಅದನ್ನ ಹದ ಮಾಡಿದ ರೀತಿ) ಹಳೇ ನಂಬಿಕಸ್ಥ, ಬಿರುಕು ಬಿಟ್ರೂ ನಿಧಾನಕ್ಕೆ ಬೆಳೆಯುತ್ತೆ, ಆದ್ರೆ ತಾಮ್ರ 4 ಪರ್ಸೆಂಟ್‌ಗಿಂತ ಜಾಸ್ತಿ ಇರೋದ್ರಿಂದ ತೆಳು ಶೀಟ್ ಆದ್ರೆ ಆಲ್‌ಕ್ಲಾಡ್ ತಗೊಳ್ಳಿ, ಅದರ ಮೇಲಿರೋ ಶುದ್ಧ ಅಲ್ಯೂಮಿನಿಯಂ ಪದರ ತಾನು ಸವೆದು ಒಳಗಿನದನ್ನ ಉಳಿಸುತ್ತೆ. ಮೇಲ್ಗಡೆಗೆ 7000 ಸರಣಿ, ಅಂದ್ರೆ ಸತು ಸೇರಿಸಿದ 7075 ಥರದ ಮಿಶ್ರಲೋಹಗಳು.

ಈಗ ಟೆಂಪರ್, ಅಂದ್ರೆ ಆ ಟಿ-ನಂಬರ್ ಹೇಳೋ ಹದ. ನನ್ನ ಪ್ರಕಾರ ಎಡವೋದು ಇಲ್ಲೇ. 7075-ಟಿ6 ಶಕ್ತಿ ಲೆಕ್ಕದಲ್ಲಿ ಎಲ್ಲರಿಗೂ ಇಷ್ಟ ಆಗುತ್ತೆ, ಆದ್ರೆ ದಪ್ಪ ಪಾರ್ಟ್‌ನಲ್ಲಿ ಅದು ಅಪಾಯ. ಪ್ಲೇಟ್ ರೋಲ್ ಮಾಡುವಾಗ ಒಳಗಿನ ಕಣಗಳು ಚಪ್ಪಟೆ ಆಗಿ ಒಂದರ ಮೇಲೊಂದು ಮಲಗಿರ್ತವೆ, ದಪ್ಪದ ದಿಕ್ಕಲ್ಲಿ ಎಳೆತ ನಿಂತೇ ಇದ್ರೆ, ಉದಾಹರಣೆಗೆ ತೂತಿಗೆ ಬುಷ್ (ಲೋಹದ ಸಣ್ಣ ಕೊಳವೆ) ಬಿಗಿಯಾಗಿ ಹೊಡೆದಿದ್ರೆ, ತೇವ ಸೇರ್ಕೊಂಡು ಆ ಕಣಗಳ ಅಂಚಲ್ಲೇ ಬಿರುಕು ಓಡುತ್ತೆ, ವಿಮಾನ ಹಾರದೆ ಸುಮ್ನೆ ನಿಂತಿದ್ರೂ. ಇದೇ ಸ್ಟ್ರೆಸ್ ಕೊರೋಷನ್. ಅದೇ 7075ನ ಇನ್ನಷ್ಟು ಹೊತ್ತು ಬಿಸಿಯಲ್ಲಿ ಹದ ಮಾಡಿದ್ರೆ ಟಿ73 ಆಗುತ್ತೆ, ಶಕ್ತಿ 10-15 ಪರ್ಸೆಂಟ್ ಇಳಿಯುತ್ತೆ, ಆದ್ರೆ ಈ ಬಿರುಕಿನ ಭಯ ತುಂಬ ಕಡಿಮೆ ಆಗುತ್ತೆ. ಆ ಇಳಿಕೆ ಒಪ್ಕೊಳ್ಳಿ, ಪಾರ್ಟ್ ಸ್ವಲ್ಪ ದಪ್ಪ ಮಾಡಿ. ದಪ್ಪ ಪ್ಲೇಟಿಂದ ಕೊರೆದು ತೆಗೆಯೋ ಸ್ಪಾರ್ (ರೆಕ್ಕೆಯ ಉದ್ದದ ತೊಲೆ), ರಿಬ್‌ಗಳಿಗಂತೂ (ಅಡ್ಡ ಪಕ್ಕೆಲುಬುಗಳಿಗಂತೂ) 7050-ಟಿ7451 ಇನ್ನೂ ವಾಸಿ. ಡ್ರಾಯಿಂಗ್‌ನಲ್ಲಿ ಬರೀ 7075 ಅಂತ ಇದ್ರೆ ಟೆಂಪರ್ ಬರೆಸ್ಕೊಳ್ದೆ ಮುಂದೆ ಹೋಗ್ಬೇಡಿ.

ಎಕ್ಸ್‌ಫೋಲಿಯೇಷನ್ ಅಂತ ಇನ್ನೊಂದು ಥರದ ತುಕ್ಕಿದೆ. ಸ್ಕ್ರೂ ತಲೆ ಸುತ್ತ ಪೇಂಟ್ ಸಣ್ಣಗೆ ಉಬ್ಬಿರುತ್ತೆ, ಕೆರೆದು ನೋಡಿದ್ರೆ ನೆನೆದು ಒಣಗಿದ ಪುಸ್ತಕದ ಹಾಳೆಗಳ ಥರ ಲೋಹ ಪದರ ಪದರವಾಗಿ ಎದ್ದಿರುತ್ತೆ, ಮಧ್ಯೆ ಬೂದು-ಬಿಳಿ ಪುಡಿ. ಹೊರಗೆ ಕಾಣೋದು ಒಂದು ಉಬ್ಬು ಅಷ್ಟೆ, ಒಳಗೆ ಎಷ್ಟು ದೂರ ಹೋಗಿದೆ ಅಂತ ಕಣ್ಣಿಗೆ ಗೊತ್ತಾಗಲ್ಲ.

ಆಮೇಲೆ ಪಕ್ಕದಲ್ಲಿ ಏನಿದೆ ನೋಡಿ. ಕಾರ್ಬನ್ ಫೈಬರ್ ಅಥವಾ ಸ್ಟೇನ್‌ಲೆಸ್ ಸ್ಟೀಲ್ ನೇರವಾಗಿ ತಾಗಿದ್ರೆ ನೀರು ಬಿದ್ದಾಗ ತಿನ್ನಿಸ್ಕೊಳ್ಳೋದು ಅಲ್ಯೂಮಿನಿಯಮ್ಮೇ, ಮಧ್ಯೆ ಗ್ಲಾಸ್ ಫೈಬರ್ ಪದರ ಕೊಡಿ, ಬೋಲ್ಟ್‌ಗಳನ್ನ ಸೀಲೆಂಟ್ ಹಸಿ ಇರುವಾಗ್ಲೇ ಹಾಕಿ. ರೆಕ್ಕೆ ಒಳಗಿನ ಇಂಧನ ಟ್ಯಾಂಕಲ್ಲೂ ತಳದಲ್ಲಿ ನೀರು ನಿಲ್ಲುತ್ತೆ, ಅಲ್ಲಿ ಬೂಷ್ಟು ಬೆಳೆದು ಆಮ್ಲ ಬಿಡುತ್ತೆ, ಹಾಗಾಗಿ ಆನೊಡೈಸಿಂಗ್ (ಆಕ್ಸೈಡ್ ಪದರವನ್ನ ಬೇಕಂತಲೇ ದಪ್ಪ ಮಾಡೋದು), ಪ್ರೈಮರ್ ಜೊತೆಗೆ ನೀರು ಇಳಿದು ಹೋಗೋ ದಾರಿನೂ ಡಿಸೈನಲ್ಲೇ ಇರ್ಬೇಕು.

ಕೊನೆಗೆ ಸ್ಟ್ರೆಸ್ ಕೊರೋಷನ್ ಟೆಸ್ಟ್. 3.5 ಪರ್ಸೆಂಟ್ ಉಪ್ಪು ನೀರಲ್ಲಿ 10 ನಿಮಿಷ ಮುಳುಗಿಸಿ 50 ನಿಮಿಷ ಒಣಗಿಸೋದು, ಹೀಗೇ ದಿನಗಟ್ಟಲೆ. ಸ್ಯಾಂಪಲ್ ಮಾತ್ರ ಪ್ಲೇಟಿನ ದಪ್ಪದ ದಿಕ್ಕಲ್ಲಿ ಕತ್ತರಿಸಿದ್ದೇ ಆಗಿರ್ಲಿ, ಉದ್ದಕ್ಕೆ ಕತ್ತರಿಸಿದ್ರೆ ಟಿ6 ಕೂಡ ಪಾಸಾಗಿಬಿಡಬಹುದು.