ಸ್ಕ್ರೀನ್‌ಶಾಟ್ ಅಕ್ಷರ ಓದುವಂತಿರಲು ನಾನು ಮಾಡುವುದು

ಕೈಪಿಡಿಯಲ್ಲಿ ಸ್ಕ್ರೀನ್‌ಶಾಟ್ ಓದಲಾಗುತ್ತಿಲ್ಲ ಅಂದರೆ ಹೆಚ್ಚಿನವರು ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) ಹೆಚ್ಚಿಸಲು ಹೊರಡುತ್ತಾರೆ. ನಾನು ಮೊದಲು ನೋಡುವುದು ವಿಂಡೋದ ಅಗಲ.

ಎ4 ಹಾಳೆಯ ಅಗಲ 210 ಮಿ.ಮೀ. ಎರಡೂ ಬದಿ 25 ಮಿ.ಮೀ. ಅಂಚು ಬಿಟ್ಟರೆ ಉಳಿಯುವುದು 160, ಅಂದರೆ ಸುಮಾರು 6.3 ಇಂಚು. 1920 ಪಿಕ್ಸೆಲ್‌ನ ಪೂರ್ತಿ ಪರದೆ 96 ಡಿಪಿಐ ಲೆಕ್ಕದಲ್ಲಿ 20 ಇಂಚು. ಅದನ್ನು 6.3ಕ್ಕೆ ಕುಗ್ಗಿಸಿದರೆ 9 ಪಾಯಿಂಟ್‌ನ ಮೆನು ಅಕ್ಷರ 3 ಪಾಯಿಂಟ್‌ಗಿಂತ ಚಿಕ್ಕದಾಗುತ್ತದೆ. ಪಿಕ್ಸೆಲ್ ಎಷ್ಟಿದ್ದರೇನು, ಒತ್ತಕ್ಷರ ಕಣ್ಣಿಗೇ ಬೀಳದು. ಹಾಗಾಗಿ ವಿಂಡೋವನ್ನು 800 ಪಿಕ್ಸೆಲ್‌ಗೆ ಕಿರಿದುಮಾಡಿ, ಆಮೇಲೆ ಆಲ್ಟ್ + ಪ್ರಿಂಟ್ ಸ್ಕ್ರೀನ್ ಒತ್ತುತ್ತೇನೆ. ಆ ವಿಂಡೋ ಮಾತ್ರ ಬರುತ್ತದೆ. ಅಕ್ಷರ 7 ಪಾಯಿಂಟ್‌ನ ಹತ್ತಿರ ನಿಲ್ಲುತ್ತದೆ. ಮುದ್ರಣಕ್ಕೆ ಹೋಗುವುದಾದರೆ ಡಿಸ್‌ಪ್ಲೇ ಸ್ಕೇಲಿಂಗ್ (ಪರದೆಯಲ್ಲಿ ಎಲ್ಲವನ್ನೂ ದೊಡ್ಡದಾಗಿ ತೋರಿಸುವ ಸೆಟ್ಟಿಂಗ್) 200% ಇಟ್ಟು ತೆಗೆಯುತ್ತೇನೆ: ಅದೇ ವಿಂಡೋ 1600 ಪಿಕ್ಸೆಲ್ ಆಗಿ, ಪುಟದಲ್ಲಿ ಇಂಚಿಗೆ ಸುಮಾರು 250 ಪಿಕ್ಸೆಲ್ ಸಿಗುತ್ತವೆ. ತೆಗೆದ ಚಿತ್ರವನ್ನು ಆಮೇಲೆ ಹಿಗ್ಗಿಸಿದರೆ ಇದು ಬರುವುದಿಲ್ಲ, ಬರೀ ಮಸುಕು.

ಚಿತ್ರದ ಫೈಲು ಉಳಿಸುವುದು ಪಿಎನ್‌ಜಿ ರೂಪದಲ್ಲೇ, ಜೆಪೆಗ್ ರೂಪದಲ್ಲಲ್ಲ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಫೈಲಿನ ಗಾತ್ರ ಕುಗ್ಗಿಸುತ್ತದೆ. ಫೋಟೋಗೆ ಅದು ಸರಿ, ಆದರೆ ಅಕ್ಷರದ ಚೂಪಾದ ಅಂಚಿನ ಸುತ್ತ ಧೂಳು ಮೆತ್ತಿದಂತಾಗುತ್ತದೆ. ಒಮ್ಮೆ ಜೆಪೆಗ್ ಆದದ್ದನ್ನು ಪಿಎನ್‌ಜಿ ಮಾಡಿದರೂ ಧೂಳು ಹೋಗದು. ಮೆಸೇಜಿಂಗ್ ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದ್ದು ಹೀಗೇ ಹಾಳಾಗಿ ಬರುತ್ತದೆ. ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ.

ವರ್ಡ್ ತಾನಾಗಿಯೇ ಚಿತ್ರ ಕುಗ್ಗಿಸುವುದುಂಟು. ಆಪ್ಷನ್ಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ 'ಡು ನಾಟ್ ಕಂಪ್ರೆಸ್ ಇಮೇಜಸ್ ಇನ್ ಫೈಲ್' ಗುರುತಿಸಬೇಕು, ಅದೂ ಚಿತ್ರ ಸೇರಿಸಿ ಉಳಿಸುವ ಮೊದಲೇ. ಪಿಡಿಎಫ್ ಮಾಡುವಾಗ 'ಮಿನಿಮಮ್ ಸೈಜ್' ಬೇಡ.

ಬಾಣ, ಅಂಕಿಗಳನ್ನು ಅಳತೆ ನಿಗದಿಯಾದ ಮೇಲೆ ಹಾಕುತ್ತೇನೆ. ಮೊದಲೇ ಹಾಕಿದರೆ ಒಂದೊಂದು ಚಿತ್ರದಲ್ಲಿ ಒಂದೊಂದು ದಪ್ಪ. ಬಣ್ಣವನ್ನೇ ನಂಬುವುದಿಲ್ಲ, ಕಪ್ಪು-ಬಿಳುಪು ಪ್ರಿಂಟ್‌ನಲ್ಲಿ ಕೆಂಪು-ಹಸಿರು ಎರಡೂ ಬೂದು.

ಪಾಸ್‌ವರ್ಡ್ ಮುಚ್ಚಲು ಮಸುಕು ಮಾಡುವುದಾಗಲಿ, ವರ್ಡ್‌ನಲ್ಲಿ ಕ್ರಾಪ್ ಮಾಡುವುದಾಗಲಿ ಸಾಲದು. ಕ್ರಾಪ್ ಆದ ಭಾಗ ಫೈಲಿನೊಳಗೆ ಉಳಿದಿರುತ್ತದೆ, ಯಾರಾದರೂ ಮರಳಿ ಎಳೆದು ನೋಡಬಹುದು. ಚಿತ್ರ ತಿದ್ದುವ ತಂತ್ರಾಂಶದಲ್ಲೇ ಗಟ್ಟಿ ಬಣ್ಣ ಬಳಿದು ಹೊಸ ಪಿಎನ್‌ಜಿಯಾಗಿ ಉಳಿಸಿ, ಅದನ್ನೇ ಸೇರಿಸುತ್ತೇನೆ.